ಒತ್ತಿದರೂ ಕುಣಿಯದ ಕಾರು

ಕಥೆಗಳಲ್ಲಿ ಬರುವ ಕುದುರೆಗಳು ಮಾತಾಡುತ್ತವೆ. ಕಾಲು ನೋಯುತ್ತಿದೆ, ಇವತ್ತು ಹೊಳೆ ದಾಟುವುದು ಬೇಡ ಎಂದು ಯಜಮಾನನಿಗೆ ಬಾಯಿಬಿಟ್ಟು ಹೇಳುತ್ತವೆ. ಕಾರಿಗೆ ಅಂಥ ಬಾಯಿಲ್ಲ. ಅದು ದಡಬಡ ಎನ್ನುತ್ತದೆ, ಜಾರುತ್ತದೆ, ಟೈರು ಸವೆಸುತ್ತದೆ. ಅರ್ಥ ಮಾಡಿಕೊಳ್ಳುವ ಕೆಲಸ ನಮ್ಮದು.

ಬೆಟ್ಟದ ಮೇಲಿನ ಒಂದು ಊರು. ಅಲ್ಲೊಂದು ಇಳಿಜಾರು ಬೀದಿ. ಆ ಬೀದಿಯಲ್ಲಿ ಬೋರ್ಡು ಬರೆಯುವವನೊಬ್ಬನ ಮನೆಯಿತ್ತು. ಮುಂದಿನ ಕೋಣೆಯ ಒಂದು ಗೋಡೆಗೆ ಅವನ ಬಣ್ಣದ ಡಬ್ಬಗಳು, ಎದುರು ಗೋಡೆಗೆ ಅವನ ಹೆಂಡತಿಯ ಹೊಲಿಗೆ ಯಂತ್ರ. ಬಾಗಿಲಾಚೆ ಚಿಕ್ಕ ನೀಲಿ ಕಾರು. ಅಕ್ಷರದ ಸಾಲು ಕೂದಲಷ್ಟು ಸೊಟ್ಟಗಾದರೂ ಊಟ ಸೇರದ ಮನುಷ್ಯ ಅವನು. ಚಕ್ರಕ್ಕೂ ಕಾರಿನ ಮೈಗೂ ನಡುವೆ ಖಾಲಿ ಜಾಗ ಕಂಡರೆ ಸುಮ್ಮನಿರುತ್ತಾನೆಯೇ? ಕಾರು ಕೊಂಡ ವರ್ಷವೇ ಕಂಪನಿಯ ಸ್ಪ್ರಿಂಗ್ ಬಿಚ್ಚಿಸಿ ಅಟ್ಟಕ್ಕೆ ಹಾಕಿದ. ಗಿಡ್ಡ ಸ್ಪ್ರಿಂಗ್ ಹಾಕಿಸಿದ. ಕಾರು ನೆಲಕ್ಕೆ ಅಂಟಿಕೊಂಡಂತೆ ಕೂತಿತು. ನೋಡಲು ಚಂದವೇ, ಸುಳ್ಳು ಹೇಳಬಾರದು.

ಅಂದಿನಿಂದ ಅವನ ಬಾಯಲ್ಲಿ ಒಂದೇ ಮಾತು. ಹಂಪ್ ದಾಟುವಾಗ ದಡ್ ಎಂದರೆ, "ತಗ್ಗಿಸಿದ ಗಾಡಿ, ಹಾಗೇ ಇರೋದು." ಹಿಂದೆ ಕೂತವರ ಸೊಂಟ ಹಿಡಿದರೆ, "ತಗ್ಗಿಸಿದ ಗಾಡಿ, ಹಾಗೇ ಇರೋದು." ಕೇಳಿ ಕೇಳಿ ಮನೆಯವರಿಗೂ ಅದೇ ಸರಿ ಅನ್ನಿಸಿತ್ತು.

ಒಂದು ಮಳೆಯ ಮಧ್ಯಾಹ್ನ ಹೆಂಡತಿ ಬಟ್ಟೆಯ ಗಂಟು ತರಲು ತಾನೇ ಕಾರು ತೆಗೆದುಕೊಂಡು ಹೋಗಿದ್ದಳು. ವಾಪಸು ಬಂದವಳು ಗಂಟನ್ನು ಕಾರಲ್ಲೇ ಬಿಟ್ಟು ಒಳಗೆ ಬಂದಳು.

"ರೀ, ಇವತ್ತು ಗಾಡಿ ಜಾರಿತು."

ಅವನು ಬೋರ್ಡಿನಿಂದ ಬ್ರಷ್ ಎತ್ತದೆಯೇ ಹೇಳಿದ, "ಮಳೆ ಅಲ್ವಾ, ನಿಧಾನ ಬರಬೇಕಪ್ಪ."

"ನಿಧಾನವಾಗೇ ಬಂದೆ. ನೀರಿನ ಟ್ಯಾಂಕ್ ಹತ್ರ ತಿರುವಲ್ಲಿ ರಸ್ತೆ ತರಿತರಿಯಾಗಿದೆಯಲ್ಲ, ಅಲ್ಲಿ ಹಿಂದಿನ ಚಕ್ರ ಟಪಟಪ ಅಂತ ಹಾರೋಕೆ ಶುರುವಾಯ್ತು. ಬ್ರೇಕ್ ಒತ್ತಿದ್ರೆ ನಿಲ್ಲಲಿಲ್ಲ, ಕುಪ್ಪಳಿಸಿಕೊಂಡು ಪಕ್ಕಕ್ಕೆ ಹೋಯ್ತು. ಇನ್ನೊಂದು ಗೇಣು ಹೋಗಿದ್ರೆ ಮೋರಿ."

"ತಗ್ಗಿಸಿದ ಗಾಡಿ..."

"ಆ ಮಾತು ಇವತ್ತು ಆಡಬೇಡಿ."

ಕಿಟಕಿಯ ಪಕ್ಕದಲ್ಲಿ ಅವಳ ತಂಗಿ ಕಾಲು ಚಾಚಿ ಕೂತಿದ್ದಳು, ತುಂಬು ಬಸುರಿ. ತಂಗಿಯ ಗಂಡ ಹಡಗಿನಲ್ಲಿ ಅಡುಗೆಯವನು. ಹೆರಿಗೆಯ ಹೊತ್ತಿಗೆ ಅವನು ಎಲ್ಲೋ ನಡುನೀರಿನಲ್ಲಿ. ಆಸ್ಪತ್ರೆ ಇರುವುದು ಬೆಟ್ಟದ ಬುಡದಲ್ಲಿ, ದಾರಿಯುದ್ದಕ್ಕೂ ತಿರುವುಗಳು. ಮುಂದಿನ ವಾರ ಬಂದು ದಾಖಲಾಗಿ ಎಂದು ಡಾಕ್ಟರು ಹೇಳಿದ್ದರು. "ನನ್ನ ಕಾರಲ್ಲೇ ಹೂವಿನ ಹಾಗೆ ಇಳಿಸ್ತೀನಿ" ಎಂದು ಭಾವ ಮಾತು ಕೊಟ್ಟಿದ್ದ.

ತಂಗಿ ನಕ್ಕು ಹೇಳಿದಳು, "ಭಾವ, ಆ ಕಾರಲ್ಲಿ ಹೋದ್ರೆ ಆಸ್ಪತ್ರೆ ತನಕ ಕಾಯೋ ಹಾಗೇ ಇಲ್ಲ. ಎರಡನೇ ತಿರುವಲ್ಲೇ ನೀವು ದೊಡ್ಡಪ್ಪ ಆಗಿರ್ತೀರ."

ಅಕ್ಕ ನಗಲಿಲ್ಲ. "ಏನಾಗಿದೆ ಅಂತ ಗೊತ್ತಾಗೋವರೆಗೂ ಈ ಗಾಡಿ ಬೆಟ್ಟ ಇಳಿಯಲ್ಲ. ನಾನು ಇಳಿಸೋಕೆ ಬಿಡಲ್ಲ."

ಬೋರ್ಡಿನವನಿಗೆ ರೋಷ ಬಂತು. ಅವರಿಬ್ಬರನ್ನೂ ಹೊಸ್ತಿಲಿಗೆ ಕರೆದ. ಮಳೆಯಲ್ಲೇ ಕಾರಿನ ಹಿಂಭಾಗಕ್ಕೆ ಎರಡೂ ಕೈ ಊರಿ, ಮೈಭಾರ ಬಿಟ್ಟು ಒತ್ತಿದ.

"ನೋಡು! ಶಾಕ್ ಅಬ್ಸಾರ್ಬರ್ ಹೋಗಿದ್ರೆ ಒತ್ತಿ ಬಿಟ್ಟ ಕೂಡಲೇ ತೊಟ್ಟಿಲ ಹಾಗೆ ತೂಗಬೇಕು. ಇದು ಅಲ್ಲಾಡ್ತಾ? ಕಲ್ಲು ಕಣೇ, ಕಲ್ಲು!"

ಕಾರು ನಿಜಕ್ಕೂ ಕುಣಿಯಲಿಲ್ಲ. ಆದರೆ ಕುಪ್ಪಳಿಸಿದ ಆ ಚಕ್ರ ಹೆಂಡತಿಯ ಅಂಗಾಲಿಗೆ ಇನ್ನೂ ನೆನಪಿತ್ತು. ಮರುದಿನ ಬೆಳಿಗ್ಗೆ ಮಳೆ ಬಿಟ್ಟ ಮೇಲೆ ಅವಳು ಕಾರಿನ ಕೀ ಸೆರಗಿಗೆ ಗಂಟು ಹಾಕಿಕೊಂಡಳು.

"ಅತ್ತಿಗೆ ಹತ್ರ ತೋರಿಸ್ತೀನಿ. ಬರೋದಾದ್ರೆ ಬನ್ನಿ."

ಅತ್ತಿಗೆ ಎಂದರೆ ಬೋರ್ಡಿನವನ ಒಡಹುಟ್ಟಿದ ಅಕ್ಕ. ಬೀದಿಯ ಕೊನೆಯಲ್ಲಿ ಅವಳದೇ ಟೈರಿನ ಅಂಗಡಿ. ಊರಿಗೆಲ್ಲ ಅವಳು ಟೈರಕ್ಕ. ಅವಳ ಬಾಯಿಗೆ ಹೆದರಿಯೇ ತಮ್ಮ ಗಿಡ್ಡ ಸ್ಪ್ರಿಂಗನ್ನು ಬೇರೆ ಕಡೆ ಹಾಕಿಸಿಕೊಂಡು ಬಂದಿದ್ದ. ಡಾಕ್ಟರು ನಡೆಯಲು ಹೇಳಿದ್ದಾರೆಂದು ತಂಗಿಯೂ ಹಿಂದೆ ನಿಧಾನವಾಗಿ ನಡೆದು ಬಂದಳು.

"ಏನೋ, ದಾರಿ ತಪ್ಪಿ ಬಂದ್ಯಾ?" ಟೈರಕ್ಕ ತಮ್ಮನನ್ನು ಕೇಳಿದಳು.

"ಸುಮ್ಮನೆ ಕೂರೋಕೆ ಬಂದೆ."

"ಕೂತ್ಕೋ. ನಿನ್ನ ಗಾಡಿನೂ ಅದೇ ಮಾಡ್ತಿದೆ ಅನ್ನಿಸುತ್ತೆ."

ಹೆಂಡತಿ ನಡೆದದ್ದೆಲ್ಲ ಹೇಳಿದಳು. ಟೈರಕ್ಕ ಮೊದಲು ಯಾವ ಉಪಕರಣವನ್ನೂ ಮುಟ್ಟಲಿಲ್ಲ. ಹಿಂದಿನ ಟೈರಿನ ಮೇಲೆ ಬರಿಗೈ ಇಟ್ಟು ಮೆಲ್ಲಗೆ ಸವರಿದಳು. ಆಮೇಲೆ ಹೆಂಡತಿಯ ಕೈ ಹಿಡಿದು ಅಲ್ಲಿಟ್ಟಳು. "ನೀನು ಬಟ್ಟೆ ಮೇಲೆ ಕೈಯಾಡಿಸ್ತೀಯಲ್ಲ, ಹಾಗೆ ನೋಡು. ಏನು ಗೊತ್ತಾಗುತ್ತೆ?"

"ಅಲೆ ಅಲೆ ಇದೆ ಅತ್ತಿಗೆ. ಒಂದು ಕಡೆ ತಗ್ಗು, ಮುಂದೆ ಉಬ್ಬು, ಮತ್ತೆ ತಗ್ಗು."

"ಬರೀ ಒಳಅಂಚು ಸವೆದಿದ್ರೆ ಚಕ್ರದ ಅಲೈನ್‌ಮೆಂಟ್ ತಪ್ಪಿದೆ ಅನ್ನಬಹುದಿತ್ತು. ತಗ್ಗಿಸಿದ ಗಾಡೀಲಿ ಅದೂ ಆಗುತ್ತೆ. ಆದ್ರೆ ಸುತ್ತಲೂ ಹೀಗೆ ಬಿಟ್ಟು ಬಿಟ್ಟು ಸವೆದಿದೆ ಅಂದ್ರೆ ಚಕ್ರ ಉರುಳ್ತಾ ಇಲ್ಲ, ಕುಣೀತಾ ಇದೆ. ಶಾಕ್ ಅಬ್ಸಾರ್ಬರ್ ಸೋತಿರಬೇಕು."

ತಂಗಿಗೆ ಕುರ್ಚಿ ಸಿಕ್ಕಿತ್ತು. ಅವಳು ಅಲ್ಲಿಂದಲೇ ಕೇಳಿದಳು, "ಟೈರಕ್ಕಾ, ಸ್ಪ್ರಿಂಗ್ ಇದೆಯಲ್ಲ. ಮತ್ತೆ ಈ ಶಾಕ್ ಯಾಕೆ ಬೇಕು?"

"ಸ್ಪ್ರಿಂಗ್ ಅಂದ್ರೆ ತುಂಟ ಮಗು ಕಣಮ್ಮ. ಒಂದು ಸಲ ಕುಣಿ ಅಂದ್ರೆ ನಿಲ್ಲಿಸೋದೇ ಇಲ್ಲ. ಶಾಕ್ ಅಂದ್ರೆ ಅದರ ಹೆಗಲ ಮೇಲೆ ಕೈಯಿಟ್ಟು 'ಆಯ್ತು ಪುಟ್ಟ, ಸಾಕು' ಅನ್ನೋ ಅಜ್ಜಿ. ಆ ಕೊಳವೆ ಒಳಗೆ ಎಣ್ಣೆ ಇರುತ್ತೆ. ಸಣ್ಣ ತೂತಲ್ಲಿ ಎಣ್ಣೆ ನುಸುಳಿ ಹೋಗಬೇಕು, ಅದಕ್ಕೇ ಕಂಬಿ ನಿಧಾನ ಒಳಗೆ ಹೋಗುತ್ತೆ, ನಿಧಾನ ಹೊರಗೆ ಬರುತ್ತೆ. ಎಣ್ಣೆ ಸೋರಿಹೋದ್ರೆ ಅಜ್ಜಿ ಕೈ ಸೋತ ಹಾಗೆ. ಮಗು ಕುಣೀತಾನೇ ಇರುತ್ತೆ, ಚಕ್ರ ರಸ್ತೆ ಬಿಡುತ್ತೆ. ನೆಲ ಮುಟ್ಟದ ಚಕ್ರಕ್ಕೆ ಬ್ರೇಕ್ ಒತ್ತಿ ಏನು ಪ್ರಯೋಜನ?"

"ಆದ್ರೆ ಅಕ್ಕ," ಬೋರ್ಡಿನವನು ಎದ್ದೇಬಿಟ್ಟ, "ನಾನು ಒತ್ತಿ ನೋಡಿದೀನಿ. ಗಾಡಿ ಕುಣಿಯಲ್ಲ!"

"ಯಾಕೆ ಕುಣಿಯಲ್ಲ ಅಂತ ಕೇಳ್ಕೊಂಡ್ಯಾ?"

ಅವನು ಬಗ್ಗಿ ಕಾರಿನಡಿ ಇಣುಕಿದ.

ಟೈರಕ್ಕ ಜಾಕ್ ಕೊಟ್ಟು ಕಾರಿನ ಹಿಂಭಾಗ ಎತ್ತಿದಳು. ಬರೀ ಜಾಕ್ ನಂಬಿ ಯಾರೂ ಕೆಳಗೆ ಕೈ ಹಾಕಬಾರದು ಎನ್ನುತ್ತಾ ಎರಡು ಬದಿಗೂ ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಇಟ್ಟಳು. ಚಕ್ರ ಬಿಚ್ಚಿ, ಶಾಕ್ ಮೇಲಿನ ಧೂಳಿನ ಹೊದಿಕೆ ಸರಿಸಿದಾಗ ಕೊಳವೆ ಕಂಡಿತು. ಅದರಿಂದ ಹೊರಬಂದ ಹೊಳೆಯುವ ಕಂಬಿ ಕಂಡಿತು. ಕಂಬಿಯ ಮೇಲ್ತುದಿಯಲ್ಲಿ ಒಂದು ರಬ್ಬರ್ ಗಟ್ಟಿ.

"ದೊಡ್ಡ ಗುಂಡಿಗೆ ಬಿದ್ದಾಗ ಮಾತ್ರ ಕೊಳವೆ ಈ ರಬ್ಬರ್ ಮುಟ್ಟಬೇಕು. ಬೇರೆ ಹೊತ್ತಲ್ಲಿ ಮುಟ್ಟಬಾರದು. ಈಗ ಗಾಡಿ ನಿಂತಲ್ಲೇ ಏನು ಮಾಡುತ್ತೆ ನೋಡೋಣ. ಈ ಕಂಬಿಗೆ ಬಿಗಿಯಾಗಿ ಏನಾದ್ರೂ ಸುತ್ತಬೇಕಿತ್ತು..."

ಹೆಂಡತಿ ಚೀಲದಿಂದ ಕೆಂಪು ಎಲಾಸ್ಟಿಕ್ ತುಂಡೊಂದನ್ನು ತೆಗೆದಳು. ಕೊಳವೆಯ ಬಾಯಿಗೆ ತಾಗುವಂತೆ ಕಂಬಿಗೆ ಸುತ್ತಿ, ಸೊಂಟಪಟ್ಟಿಗೆ ಹಾಕುವ ಬಿಗಿ ಗಂಟು ಹಾಕಿದಳು. ಟೈರಕ್ಕ ಹೊದಿಕೆ ಮುಚ್ಚಿ, ಚಕ್ರ ಹಾಕಿ, ಸ್ಟ್ಯಾಂಡ್ ತೆಗೆದು ಕಾರನ್ನು ಮೆಲ್ಲಗೆ ನೆಲಕ್ಕಿಳಿಸಿದಳು. ಯಾರೂ ಒಳಗೆ ಕೂರಲಿಲ್ಲ, ಓಡಿಸಲಿಲ್ಲ. ಮತ್ತೆ ಎತ್ತಿ, ಚಕ್ರ ಬಿಚ್ಚಿ, ಹೊದಿಕೆ ಸರಿಸಿದಳು.

ಕೆಂಪು ಎಲಾಸ್ಟಿಕ್ ಕಂಬಿಯುದ್ದಕ್ಕೂ ಮೇಲೆ ತಳ್ಳಿಕೊಂಡು ಹೋಗಿ ರಬ್ಬರಿಗೆ ಒತ್ತಿ ಕೂತಿತ್ತು.

"ನೋಡಿದ್ಯೇನೋ? ಗಾಡಿ ನಿಂತಲ್ಲೇ ರಬ್ಬರ್ ಮೇಲೆ ಕೂತಿದೆ. ಇನ್ನು ಒತ್ತಿದ್ರೆ ಎಲ್ಲಿಗೆ ಹೋಗುತ್ತೆ? ನೀನು ಶಾಕ್ ಪರೀಕ್ಷೆ ಮಾಡಲಿಲ್ಲ, ರಬ್ಬರ್ ಪರೀಕ್ಷೆ ಮಾಡಿದೆ. ಸ್ಪ್ರಿಂಗ್ ಮಾತ್ರ ಗಿಡ್ಡ ಮಾಡಿಸಿ ಶಾಕ್ ಹಳೇ ಉದ್ದದ್ದೇ ಬಿಟ್ಟಿದೀಯ. ದಿನಾ ತಲೆ ಚಚ್ಚಿಸ್ಕೊಂಡು ಎಣ್ಣೆ ತಡೆಯೋ ಅದರ ಒಳಗಿನ ಸೀಲು ಹರಿದಿದೆ. ಅದಕ್ಕೇ ನಿಂತಾಗ ಅಲ್ಲಾಡಲ್ಲ, ತರಿರಸ್ತೇಲಿ ಚಕ್ರ ಹಾರಿದ್ರೆ ಮಾತ್ರ ಹಿಡಿಯೋರಿಲ್ಲ."

ಹೆಂಡತಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಲಂಗ ಗಿಡ್ಡ ಮಾಡಿ ಲೈನಿಂಗ್ ಹಾಗೇ ಬಿಟ್ಟಂಗಾಯ್ತಲ್ಲ ರೀ! ಗಿರಾಕಿ ನನ್ನ ಮುಖಕ್ಕೆ ಎಸೀತಿದ್ರು."

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೋರ್ಡಿನವನು ಮಾತ್ರ ಕೆಳಗೆ ಬಗ್ಗಿ ಕೊಳವೆಯನ್ನು ಮುಟ್ಟಿದ. ಎಣ್ಣೆಯ ಮೇಲೆ ಧೂಳು ಕೂತು ಕಪ್ಪು ಜಿಡ್ಡಾಗಿತ್ತು. ಅದು ಬೆರಳಿಗೆ ಹತ್ತಿತು.

"ಮಳೆ ನೀರಿರಬಹುದಲ್ವಾ?" ಎಂದ ಸಣ್ಣ ದನಿಯಲ್ಲಿ.

ಟೈರಕ್ಕ ಶಾಕನ್ನು ಬಿಚ್ಚಿ ಅವನ ಕೈಗೇ ಕೊಟ್ಟಳು. ಇನ್ನೊಂದು ಕೈಗೆ ಹೊಸದೊಂದನ್ನು ಕೊಟ್ಟಳು. "ಎರಡನ್ನೂ ಒತ್ತು. ನಾನೇನೂ ಹೇಳಲ್ಲ."

ಹೊಸದು ಒತ್ತಿದಷ್ಟೂ ಎದುರು ನಿಂತಿತು. ನಿಧಾನವಾಗಿ, ಒಂದೇ ಸಮನೆ ಒಳಗೆ ಹೋಯಿತು. ಹಳೆಯದು ಅರ್ಧದವರೆಗೆ ಗಾಳಿಯಲ್ಲಿ ಹೋದಂತೆ ಜರ್ರನೆ ಹೋಯಿತು, ಆಮೇಲೆ ಒಮ್ಮೆಲೇ ಸಿಕ್ಕಿಕೊಂಡಿತು. ಅವನು ಮತ್ತೆ ಒತ್ತಿದ. ಮತ್ತೆ ಒತ್ತಿದ. ಆಮೇಲೆ ಕುರ್ಚಿಯಲ್ಲಿ ಕೂತಿದ್ದ ನಾದಿನಿಯ ಕಡೆ ನೋಡಿದ.

"ಇದನ್ನ ನಂಬಿ ನಿನ್ನ ಕೂರಿಸ್ಕೊಂಡು ಇಳೀತಿದ್ದೆನಲ್ಲಮ್ಮ."

ಇನ್ನೊಂದು ಬದಿಯ ಶಾಕ್ ಸೋರಿರಲಿಲ್ಲ. ಅವನು ಕೇಳಿದ, "ಹಾಗಾದ್ರೆ ಒಂದೇ ಬದಲಾಯಿಸಿದ್ರೆ ಸಾಕಲ್ವಾ?"

"ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ ಹಾಕ್ಕೊಂಡು ಓಡ್ತೀಯಾ? ಬದಲಾಯಿಸಿದ್ರೆ ಎಡ ಬಲ ಜೊತೆಗೇ. ಇನ್ನೊಂದು ಮಾತು. ನಿನ್ನ ಗಿಡ್ಡ ಸ್ಪ್ರಿಂಗಿಗೆ ಹೊಂದೋ ಗಿಡ್ಡ ಶಾಕ್ ನನ್ನ ಹತ್ರ ಇಲ್ಲ. ತರಿಸಬೇಕು, ತಿಂಗಳು ಹಿಡಿಯುತ್ತೆ. ಕಂಪನಿ ಅಳತೆದು ಇದೆ. ಅದು ಹಾಕಬೇಕಂದ್ರೆ ನಾಲ್ಕೂ ಚಕ್ರಕ್ಕೆ ಹಳೇ ಸ್ಪ್ರಿಂಗ್ ವಾಪಸ್ ಬರಬೇಕು."

ಹಳೆಯ ಸ್ಪ್ರಿಂಗ್ ಹಾಕಿದರೆ ಕಾರು ಮೊದಲಿನಂತೆ ಎತ್ತರವಾಗಿ ನಿಲ್ಲುತ್ತದೆ. ಅವನ ಕಣ್ಣಿಗೆ ಅದು ಮೊಣಕಾಲಿಗೆ ಪ್ಯಾಂಟು ಎತ್ತಿ ಕೆಸರು ದಾಟುವವನ ಹಾಗೆ. ಅವನು ಕಾರನ್ನು ಉದ್ದಕ್ಕೂ ನೋಡಿದ. ತಾನೇ ಎಳೆದ ಬಿಳಿ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ.

"ಚಂದ ಆಮೇಲೆ ನೋಡ್ಕೊಳ್ಳೋಣ," ಎಂದ. "ಅಟ್ಟದಿಂದ ಸ್ಪ್ರಿಂಗ್ ಇಳಿಸ್ಕೊಂಡು ಬರ್ತೀನಿ."

"ನಾನು ಏಣಿ ಹಿಡೀತೀನಿ," ಎಂದಳು ಹೆಂಡತಿ.

ಅವನು ಅವತ್ತಿನ ಬೋರ್ಡಿನ ಕೆಲಸ ಬಿಟ್ಟ, ಅವಳು ಹೊಲಿಗೆ ಬಿಟ್ಟಳು. ಟೈರಕ್ಕ ಮುಂದಿನ ಎರಡು ಶಾಕ್‌ಗಳನ್ನೂ ಬಿಚ್ಚಿ ನೋಡಿದಳು. ಅವುಗಳ ರಬ್ಬರ್ ಪುಡಿಯಾಗಿತ್ತು. ಅವೂ ಹೊಸವಾದವು. ಅಲೆಯಲೆಯಾಗಿ ಸವೆದ ಟೈರುಗಳ ಜಾಗಕ್ಕೆ ಹೊಸವು ಬಂದವು, ಅಲೈನ್‌ಮೆಂಟ್ ಆಯಿತು. ಸಂಜೆ ಹೆಂಡತಿ ಒಬ್ಬಳೇ ಟ್ಯಾಂಕಿನ ತಿರುವಿಗೆ ಹೋಗಿ, ಯಾರೂ ಇಲ್ಲದಾಗ ನಿಧಾನವಾಗಿ ಒಮ್ಮೆ, ಸ್ವಲ್ಪ ಜೋರಾಗಿ ಒಮ್ಮೆ ಬ್ರೇಕ್ ಒತ್ತಿ ನೋಡಿ ಬಂದಳು. "ಈಗ ಇಳಿಯಬಹುದು" ಎಂದಳು. ಅವಳ ಆ ಮಾತಿಗಾಗಿಯೇ ಎಲ್ಲರೂ ಕಾದಿದ್ದರು.

ಹೊರಡುವ ದಿನ ಮತ್ತೆ ಮಳೆ. ಹೆಂಡತಿ ಸ್ಟಿಯರಿಂಗ್ ಹಿಡಿದಳು, ಗಂಡ ಪಕ್ಕದಲ್ಲಿ, ತಂಗಿ ಹಿಂದಿನ ಸೀಟಿನಲ್ಲಿ ದಿಂಬಿಗೊರಗಿ. ಮೋಡ ರಸ್ತೆಗೇ ಇಳಿದು ಬಂದಿತ್ತು. ಅರ್ಧ ಬೆಟ್ಟ ಇಳಿದ ಮೇಲೆ, ತಿರುವು ದಾಟಿದ್ದೇ ತಡ, ಮೇಲಿನಿಂದ ಉರುಳಿದ ಬಂಡೆಯೊಂದು ನಡುರಸ್ತೆಯಲ್ಲಿ ಕೂತಿತ್ತು. ಹೆಂಡತಿ ಬ್ರೇಕ್ ಒತ್ತಿದಳು. ಗಂಡ ಎರಡೂ ಕೈ ಮುಂದೆ ಊರಿದ. ಕಾರು ಒಮ್ಮೆ ಮುಂದಕ್ಕೆ ಬಾಗಿತು, ಮತ್ತೆ ನೆಟ್ಟಗಾಯಿತು. ಕುಪ್ಪಳಿಸಲಿಲ್ಲ, ಪಕ್ಕಕ್ಕೆ ಹೋಗಲಿಲ್ಲ. ಬಂಡೆಗೆ ಇನ್ನೂ ಒಂದು ಕಾರು ಹಿಡಿಸುವಷ್ಟು ಜಾಗ ಬಿಟ್ಟು ನಿಂತಿತು.

ಇಬ್ಬರೂ ಒಟ್ಟಿಗೇ ಹಿಂದೆ ತಿರುಗಿದರು.

ತಂಗಿ ಬಾಯಿ ಸ್ವಲ್ಪ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು.

"ಎಬ್ಬಿಸಬೇಡ," ಗಂಡ ಪಿಸುಗುಟ್ಟಿದ. "ಆಸ್ಪತ್ರೆ ಬಾಗಿಲಲ್ಲೇ ಎಬ್ಬಿಸೋಣ."

ಬಂಡೆಯ ಪಕ್ಕದ ಸಂದಿನಲ್ಲಿ ಮೆಲ್ಲಗೆ ದಾಟಿ, ಹಾಗೆಯೇ ಎಬ್ಬಿಸಿದರು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯ ಮುಂದೆಯೂ ತಗ್ಗಿಸಿದ ಚಿಕ್ಕ ಕಾರೊಂದು ನಿಂತಿರಬಹುದು. ಅದು ತರಿರಸ್ತೆಯಲ್ಲಿ ಹಾರಿದರೆ, ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಎಳೆದರೆ, ಬ್ರೇಕ್ ಒತ್ತಿದಾಗ ಕುಪ್ಪಳಿಸಿದರೆ, "ಹಾಗೇ ಇರೋದು" ಎಂದು ಸುಮ್ಮನಾಗಬೇಡಿ. ಒತ್ತಿ ನೋಡಿದೆ, ಕುಣಿಯಲಿಲ್ಲ ಎಂದೂ ನಂಬಬೇಡಿ. ರಬ್ಬರ್ ಮೇಲೆ ಕೂತ ಕಾರು ಕುಣಿಯುವುದಿಲ್ಲ. ಶಾಕ್ ಸುತ್ತ ಎಣ್ಣೆಯ ಜಿಡ್ಡಿದೆಯೇ ಎಂದು ತಿಳಿದವರಿಂದ ನೋಡಿಸಿ. ಬದಲಾಯಿಸುವಾಗ ಎಡ ಬಲ ಜೊತೆಯಾಗಿ ಬದಲಾಯಿಸಿ. ತಗ್ಗಿಸಲೇಬೇಕೆಂಬ ಆಸೆಯಿದ್ದರೆ ನಿಮ್ಮಲ್ಲಿನ ನಿಯಮ ಕೇಳಿಕೊಂಡು, ಸ್ಪ್ರಿಂಗಿಗೆ ಹೊಂದುವ ಶಾಕನ್ನೂ ಸೇರಿಸಿಯೇ ಹಾಕಿಸಿ. ನಿಮ್ಮ ಮನೆಯಲ್ಲಿ ಯಾರಾದರೂ "ಇವತ್ತು ಗಾಡಿ ಜಾರಿತು" ಎಂದರೆ ಬ್ರಷ್ಷೋ ಸೌಟೋ ಫೋನೋ ಕೆಳಗಿಟ್ಟು ಆ ಮಾತು ಕೇಳಿ.

ಅಲ್ಲಿಯವರೆಗೆ ಕಾಯುವುದೂ ಬೇಡ. ಇವತ್ತೇ, ಇನ್ನೂ ಬೆಳಕಿರುವಾಗಲೇ, ನಿಂತ ಕಾರಿನ ಟೈರಿನ ಮೇಲೆ ಒಮ್ಮೆ ಬರಿಗೈ ಆಡಿಸಿ ನೋಡಿ.