ಕುಣಿ

ವೇದಿಕೆಯ ಮೇಲೆ ಕೊಳಲಿನವಳು ರಾಗ ಎತ್ತಿದ್ದೇ ಬಸಲಿಂಗಮ್ಮ ಕುರ್ಚಿಯ ತುದಿಗೆ ಸರಿದಳು. ಅಮೆರಿಕದ ಹಿಲ್ಸ್‌ಬರೋ ಊರಿನ ತನ್ನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ತಾನು ಗುನುಗುವ ಪದ, ಇಲ್ಲಿ ಕಪ್ಪು ಕೋಟಿನ ವಾದ್ಯಗಾರರ ಕೈಗೆ ಸಿಕ್ಕಿತ್ತು. ಕೊಳಲಿನಿಂದ ಪಿಟೀಲುಗಳು ಇಸಿದುಕೊಂಡವು, ಪಿಟೀಲುಗಳಿಂದ ಡ್ರಮ್ಮು. ಅವಳು ಅತ್ತು ಕಟ್ಟಿದ್ದ ಪದ ನೋಡನೋಡುತ್ತ ಕುಣಿಯತೊಡಗಿತು. ಮುಂದಿನ ಸಾಲಿನ ಬಿಳಿಯ ಮುದುಕನೊಬ್ಬ ತಲೆದೂಗುತ್ತಿದ್ದ.

ಪದವನ್ನು ಈ ಮೇಳಕ್ಕೆ ಹೊಂದಿಸಿದವಳು ಮಗಳು ಭೂಮಿಕಾ; ಕಾಲೇಜಿನಲ್ಲಿ ಅವಳು ಓದಿದ್ದೇ ಇದನ್ನು. ಕಳೆದ ಶತಮಾನದ ಅಮೆರಿಕನ್ ಸಂಗೀತಗಾರರು ಬೆಟ್ಟದ ರೈತರ, ಗಣಿಯವರ ಹಾಡುಗಳನ್ನು ಎತ್ತಿಕೊಂಡು ದೊಡ್ಡ ದೊಡ್ಡ ವಾದ್ಯಮೇಳಕ್ಕೆ ಹೊಂದಿಸಿದರಂತೆ. ಸಂಜೆಯ ಮೊದಲರ್ಧ ಅಂಥದ್ದೇ ನುಡಿಸಿದ್ದರು. ಆಗ ಬಸಲಿಂಗಮ್ಮನೂ ಕಾಲಲ್ಲಿ ತಾಳ ಹಾಕಿದ್ದಳು. ಈಗ ಅದನ್ನು ನೆನೆದು ನಾಚಿಕೆಯಾಯಿತು. ಅದೂ ಯಾವ ತಾಯಿಯ ಸಂಕಟವೋ, ಬಲ್ಲವರಾರು?

ತಪ್ಪು ಅವಳದೂ ಇತ್ತು. ಹೋದ ವರ್ಷ ಭೂಮಿಕಾ ಒಲೆಯ ಪಕ್ಕ ಫೋನು ಹಿಡಿದು ಪದವನ್ನು ತುಂಬಿಕೊಂಡು, "ವಾಟ್ ಡಸ್ ಇಟ್ ಮೀನ್, ಅಮ್ಮಾ?" ಎಂದು ಕೇಳಿದ್ದಳು. "ಯಾವುದೋ ಹಳೇ ಹಾಡು, ಬಿಡ" ಎಂದು ರೊಟ್ಟಿ ಮಗುಚಿದ್ದಳು ಇವಳು. ಹುಡುಗಿ ಬಿಡಬೇಕಲ್ಲ! ನೇರ ಹತ್ತಿರದ ಊರು ಮಾನ್ಮತ್ ಜಂಕ್ಷನ್ನಿನ ದ್ವಾರಕಾನಾಥ ಅಂಕಲ್ ಬಳಿ ಹೋದಳು. ಮೈಸೂರಿನವರು, ಕನ್ನಡ ಸಂಘದಲ್ಲಿ ಕನ್ನಡದ ಬಗ್ಗೆ ಅವರದೇ ಕೊನೆಯ ಮಾತು. ಗೊತ್ತಿಲ್ಲ ಎನ್ನುವ ಮಾತೊಂದು ಬಿಟ್ಟು ಉಳಿದ ಕನ್ನಡವೆಲ್ಲ ಅವರಿಗೆ ಬರುತ್ತಿತ್ತು.

"ಕುಣಿಯಾಗ ಕುಂತಾಳ ನನ ಕೂಸು, ಹಣಿ ತುಂಬ ಈಬತ್ತಿ ಧರಿಸ್ಯಾಳ." ಅವರು ಬಿಡಿಸಿ ಹೇಳಿದ ಅರ್ಥ ಕಾರ್ಯಕ್ರಮದ ಪುಸ್ತಿಕೆಯಲ್ಲೇ ಅಚ್ಚಾಗಿತ್ತು: ಹಬ್ಬದ ದಿನ ವಿಭೂತಿ ಧರಿಸಿದ ಪುಟ್ಟ ಹುಡುಗಿ ಕುಣಿದು ದಣಿದು ನಡುವೆ ಕೂತಿದ್ದಾಳೆ; ಮಕ್ಕಳ ನೃತ್ಯಗೀತೆ. ಅಮ್ಮನಿಗೆ ಸರ್‌ಪ್ರೈಸ್ ಇರಲೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟಿರಲಿಲ್ಲ.

ಚಪ್ಪಾಳೆ ಮುಗಿದು ಜನ ಹೊರಗಿನ ಹಜಾರಕ್ಕೆ ಬಂದರು. ಗಂಡ ಶಶಿಧರ ಕಾರು ತರುತ್ತೇನೆಂದು ಜಾರಿಕೊಂಡ. ನುಡಿಸಿದ್ದು ಯಾವ ಪದವೆಂದು ಅವನಿಗೂ ಈಗ ಅರ್ಥವಾಗಿತ್ತು. ದ್ವಾರಕಾನಾಥರು ನಗುತ್ತ ಬಂದರು. ಅವರ ಹಿಂದೆಯೇ ಹೂಗುಚ್ಛ ಅಪ್ಪಿಕೊಂಡ ಭೂಮಿಕಾ.

"ಅಮ್ಮಾ, ಡಿಡ್ ಯು ಲೈಕ್ ಇಟ್?"

"ಲೈಕ್ ಏನಮ್ಮ, ನೋಡು, ನಿಮ್ಮಮ್ಮನಿಗೆ ಕಣ್ಣೇ ತುಂಬಿ ಬಂದಿದೆ!" ಎಂದರು ದ್ವಾರಕಾನಾಥರು. "ಜನಪದ ಅಂದ್ರೆ ಹಂಗೇ ಕಣ್ರೀ. ಇಂಥವರದ್ದು ಅಂತಿಲ್ಲ, ಎಲ್ಲರದ್ದೂ."

"ಇದು ಎಲ್ಲಾರದ್ದಲ್ರೀ, ನಂದು," ಎಂದಳು ಬಸಲಿಂಗಮ್ಮ. "ಕುಣಿ ಅಂದ್ರ ನಿಮ್ಮ ಕಡೆ ಕುಣಿಯೂದು. ನಮ್ಮ ಕಡೆ ಹೆಣ ಇಡೋ ತಗ್ಗು. ನಮ್ಮ ಮಂದಿ ಹೆಣಾ ಮಲಗಸೂದಿಲ್ರೀ, ಕುಂದರಸ್ತಾರ. ಹಣಿಗೆ ಈಬತ್ತಿ ಹಚ್ಚಿ, ವಾಲಿದ ತಲಿ ನೆಟ್ಟಗ ಮಾಡಿ ಕುಂದರಸ್ತಾರ. ಎರಡು ವರ್ಷದ ಕೂಸು ರೀ. ಜ್ವರ ಬಂದು ಹೋತು."

ದ್ವಾರಕಾನಾಥರು ಶಾಲು ಸರಿಮಾಡಿಕೊಂಡು, ಯಾರನ್ನೋ ಕಂಡವರಂತೆ ಅತ್ತ ಸರಿದರು.

ಭೂಮಿಕಾ ಹೂಗುಚ್ಛ ಕೆಳಗಿಳಿಸಿದಳು. "ಐ ಹ್ಯಾಡ್ ಎ ಸಿಸ್ಟರ್?"

"ನೀ ಹುಟ್ಟೂಕಿಂತ ಮೊದಲ. ಊರಾಗ."

"ಐ ಆಸ್ಕ್ಡ್ ಯು, ಅಮ್ಮಾ! ನಿನ್ನನ್ನೇ ಕೇಳಿದೆ. ಯು ಸೆಡ್ ಬಿಡ."

ನಿಜವಾದ ಮಾತು, ಅದಕ್ಕೇ ಇನ್ನಷ್ಟು ಉರಿಯಿತು. ಹೇಳಿದ್ದರೆ ಏನಾಗುತ್ತಿತ್ತು? ಕುಣಿತದ ಬದಲು ಅಳುವನ್ನೇ ನುಡಿಸುತ್ತಿದ್ದರು, ಇದೇ ಜನ ಇದೇ ಚಪ್ಪಾಳೆ ತಟ್ಟುತ್ತಿದ್ದರು. ಆ ಮಗುವಿನದೆಂದು ಈ ದೇಶದಲ್ಲಿ ಅವಳ ಬಳಿ ಒಂದು ಅಂಗಿಯೂ ಇರಲಿಲ್ಲ. ಇದ್ದುದು ಆ ಪದ ಒಂದೇ.

"ವಾಟ್ ವಾಸ್ ಹರ್ ನೇಮ್?" ಭೂಮಿಕಾ ಕೇಳಿದಳು.

"ಯಾಕ? ಹೆಸರು ಹೇಳಿದ್ರ ಅದಕ್ಕೂ ಒಂದು ಬಾಜಾ ಕಟ್ಟಾಕಿ ಏನು?"

ಆಡಿದ ಮೇಲೆ ನುಂಗಿಕೊಳ್ಳಲು ಬರುವಂತಿರಲಿಲ್ಲ. ಭೂಮಿಕಾ ಹೊಡೆಸಿಕೊಂಡವಳಂತೆ ನಿಂತಳು. ಅಷ್ಟರಲ್ಲಿ ವಾದ್ಯಮೇಳದವರು ಬಂದು, ಫೋಟೋಕ್ಕೆ ಎಂದು ಅವಳ ತೋಳು ಹಿಡಿದು ಕರೆದೊಯ್ದರು. ಕಪ್ಪು ಕೋಟುಗಳ ನಡುವೆ ಕುರ್ಚಿ ಹಾಕಿ ಅವಳನ್ನು ಕೂರಿಸಿದರು. ಮಡಿಲಲ್ಲಿ ಹೂವಿಟ್ಟರು. ಯಾರೋ ಅವಳ ಗದ್ದ ಹಿಡಿದು, ವಾಲಿದ್ದ ತಲೆಯನ್ನು ನೆಟ್ಟಗೆ ಮಾಡಿದರು.

"ಐಸ್ ಓಪನ್, ಪ್ಲೀಸ್," ಎಂದ ಫೋಟೋದವನು.

ಬಸಲಿಂಗಮ್ಮ ಕಂಬ ಹಿಡಿದುಕೊಂಡಳು. ಭೂಮಿಕಾ ಕಣ್ಣು ತೆರೆಯಲು ತುಸು ಹೊತ್ತು ಹಿಡಿಯಿತು.