ಇಳಿಸಿದವರೇ ಎತ್ತಬೇಕು

ಬೆಳಿಗ್ಗೆ ಏಳೂಕಾಲು, 1936ರ ನವೆಂಬರ್ 16, ಸೋಮವಾರ. ಕಾರವಾರದ ಬಾಗಿನಲ್ಲಿ, ಅಂದರೆ ಊರಿನ ಉದ್ಯಾನದಲ್ಲಿ, ಒಂದು ಬಿದಿರಿನ ಕಮಾನಿನ ಮುಂದೆ ಏಳು ಹೆಂಗಸರು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಸಾಲಾಗಿ ನಿಂತಿದ್ದರು. ಮುಂದೆ ನಿಂತವಳು ಶಿರವಾಡದ ಗಂಗಿ.

ಹಿಂದಿನ ವರ್ಷ ಮಳೆನೀರು ಕಡಲಿಗೆ ಹರಿಯಲೆಂದು ಕಾಲುವೆ ತೋಡಿದ್ದರಿಂದ ಬಾಗು ಎರಡು ಹೋಳಾಗಿತ್ತು. ಹೆಂಗಸರು ಎರಡು ತೆಂಗಿನ ಮರ ಅಡ್ಡ ಹಾಕಿಸಿ ದಾಟಲು ಸಂಕ ಮಾಡಿಕೊಂಡರು. ನೋಡಲು ಚೆನ್ನಾಗಿಲ್ಲವೆಂದು ಬಾಗಿನ ಕಮಿಟಿ ಅದನ್ನು ತೆಗೆಸಿತು. ಅಂದಿನಿಂದ ಗಂಗಿಗೆ ಅರ್ಧ ಮೈಲಿ ಸುತ್ತು. ಕುದುರೆಗೆ ಹುಲ್ಲು ಕೊಳ್ಳುವ ಆಚೆಯ ಟಾಂಗಾಗಳು ಎಂಟಕ್ಕೆ ಬಂದರಿಗೆ ಹೊರಟುಬಿಡುತ್ತಿದ್ದವು. ಅಷ್ಟರೊಳಗೆ ಮುಟ್ಟದ ಹುಲ್ಲಿಗೆ ಗಿರಾಕಿಯಿಲ್ಲ. ಎರಡು ವಾರದಲ್ಲಿ ಆರು ಸಲ ಅವಳು ಹೊರೆ ಹೊತ್ತೇ ಮನೆಗೆ ಮರಳಿದ್ದಳು.

ಹೊಸ ಸಂಕದ ನಕಾಶೆ ಬರೆದವನು ಓವರ್‌ಸಿಯರ್ ದೇವಾನಂದ. ಅವನು ಅಂದಾಜಿನ ಮನುಷ್ಯನಲ್ಲ. ಹತ್ತು ದಿನ ಸಂಜೆ ನಾಲ್ಕರಿಂದ ಆರರವರೆಗೆ ಕಾಲುವೆಯ ಬದಿಗೆ ಕುಳಿತು, ಬಂದುಹೋಗುವವರನ್ನು ಎಣಿಸಿ, ಎತ್ತರ ಅಳೆದು ಬರೆದುಕೊಂಡಿದ್ದ. ಹಾಗಾಗಿ ಅಗಲ ಮೂರಡಿ, ಎರಡೂ ತುದಿಗೆ ಮಲ್ಲಿಗೆ ಬಳ್ಳಿ ಹಬ್ಬಿಸಲು ಆರೂವರೆ ಅಡಿಯ ಕಮಾನು. ಲೆಕ್ಕದಲ್ಲಿ ಒಂದಂಗುಲ ತಪ್ಪಿರಲಿಲ್ಲ. ಆದರೆ ಹೆಂಗಸರು ಬೆಳಿಗ್ಗೆಯೇ ಹುಲ್ಲು ಮಾರಿ, ಪೇಟೆಯ ಕೆಲಸ ಮುಗಿಸಿ, ಸಂಜೆ ಹೊತ್ತಿಗೆ ಬರಿದಲೆಯಲ್ಲಿ ಮನೆಗೆ ಹೋಗುತ್ತಾರೆ.

ಇದನ್ನು ಗಂಗಿ ಹಿಂದಿನ ವಾರವೇ ಹೋಗಿ ಹೇಳಿದ್ದಳು. ಅವನು ನಕಾಶೆಯಿಂದ ಕಣ್ಣೆತ್ತಿರಲಿಲ್ಲ.

“ಹೊರೆ ಇಳಿಸಿ ದಾಟು. ಆಚೆ ಮತ್ತೆ ಹೊತ್ಕೊ.”

“ಎತ್ತಿ ಕೊಡೂರು ಯಾರು, ಸಾಯ್ಬ್ರೆ?”

“ಯಾರಾದ್ರೂ ಕೊಡ್ತ್ರು. ಅದೇನ್ ದೊಡ್ಡ ಮಾತು?”

ಗಂಗಿ ತಲೆಯಾಡಿಸಿ ಬಂದಿದ್ದಳು. ಶಿರವಾಡದ ಹೊರೆಯವರಲ್ಲಿ ಒಂದು ಕಟ್ಟಳೆಯಿದೆ: ದಾರಿಯಲ್ಲಿ ಹೊರೆ ಇಳಿಸೆಂದವರೇ ಅದನ್ನು ಮತ್ತೆ ತಲೆಗೇರಿಸಬೇಕು. ಅತ್ತೆ ಕಾಮಿಗೆ ಅವಳು ಹೇಳಿದ್ದು ಇಷ್ಟೇ: ಸೋಮವಾರದ ಹೊರೆ ಸ್ವಲ್ಪ ದಪ್ಪ ಕಟ್ಟೋಣ, ಇಬ್ಬನಿ ಕುಡಿದು ತೂಕವೂ ಏರಲಿ.

ಆ ಸೋಮವಾರ ಕಮಿಟಿಯ ಅಧ್ಯಕ್ಷರು ನಕಾಶೆಗೆ ರುಜು ಹಾಕುವವರಿದ್ದರು. ಅವರು ಊರಿನ ಒಬ್ಬ ಹಿರಿಯ ವಕೀಲರು. ಅವರ ಕಣ್ಣಿಗೆ ಕಟ್ಟಲೆಂದು ದೇವಾನಂದ ಹುಲ್ಲುಹಾಸಿನ ಮೇಲೆ ಸಂಕದ ಅಳತೆಗೇ ಬಿದಿರು ನೆಟ್ಟು ಕಮಾನು ಕಟ್ಟಿಸಿದ್ದ. ವಕೀಲರು ಅದರೊಳಗೆ ಎರಡು ಸಲ ದಾಟಿ ನೋಡಿ, ಚೆಂದವಾಗಿದೆ ಎಂದರು. ಹಾಗಾದರೆ ತಾವೂ ಒಮ್ಮೆ ದಾಟಿ ನೋಡುತ್ತೇವೆ ಎಂದಳು ಗಂಗಿ, ಬಹಳ ವಿನಯದಿಂದ.

ಹೊರೆ ಕಮಾನಿಗೆ ತಾಗಿತು. ಬಿದಿರು ಕಿರುಗುಟ್ಟಿತು. ಇಳಿಸು, ಇಳಿಸು ಎಂದು ದೇವಾನಂದ ಓಡಿಬಂದ. ಗಂಗಿ ಇಳಿಸಿದಳು. ಹಿಂದಿನ ಆರು ಜನವೂ ಇಳಿಸಿದರು. ಏಳು ಹೊರೆಗಳನ್ನು ಓರೆಯಾಗಿಸಿ ಎಳೆದು ಆಚೆ ಒಯ್ದ ಮೇಲೆ ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟುಕೊಂಡು, ಕೈಕಟ್ಟಿ, ಅವನ ಕಡೆ ನೋಡುತ್ತ ನಿಂತರು.

“ಏನು?” ಎಂದ ದೇವಾನಂದ.

“ಇಳ್ಸು ಅಂದೂರು ನೀವಲ್ದ, ತಮಾ,” ಎಂದಳು ಕಾಮಿ. “ಎತ್ತೂಕೂ ನೀವೇ ಬೇಕು.”

ವಕೀಲರಿಗೆ ಕಟ್ಟಳೆ ಗೊತ್ತಿತ್ತು. ಅದು ಸರಿಯಾದ ಮಾತು ಎಂದು ತೀರ್ಪು ಕೊಟ್ಟು ಕಲ್ಲುಬೆಂಚಿನ ಮೇಲೆ ಕುಳಿತರು. ದೇವಾನಂದ ಕೋಟು ಬಿಚ್ಚಿದ. ಗಂಗಿಯ ಹೊರೆ ಎತ್ತಿ ಅವಳ ತಲೆಗೇರಿಸಿದ. ಮೂರನೆಯದಕ್ಕೆ ಅಂಗಿಯ ಬೆನ್ನು ಹರಿಯಿತು. ಐದನೆಯದು ಅವನ ಮೇಲೆಯೇ ಕುಳಿತುಬಿಟ್ಟಿತು. ಹುಲ್ಲಿನೊಳಗಿಂದ ಅವನು ಏನೋ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಏಳನೆಯದು ಕಾಮಿಯದು. ಸಿಂಬಿ ಸರಿಯಾಗಿ ಕೂತಿಲ್ಲವೆಂದು ಅದನ್ನು ಅವಳು ಎರಡು ಸಲ ಎತ್ತಿಸಿಕೊಂಡಳು.

ಗಂಗಿ ಹೊರೆಯ ಕೆಳಗಿಂದಲೇ ಕೇಳಿದಳು: “ಸಂಕ ಆದ್ಮೇಲೆ ಸಾಯ್ಬ್ರು ದಿನಾ ಈ ಹೊತ್ತಿಗೆ ಇಲ್ಲೇ ಇರ್ತ್ರು, ಅಲ್ದ? ತುದಿ ಎರಡದೆ.”

ದೇವಾನಂದ ಉಸಿರು ಹಿಡಿತಕ್ಕೆ ಬಂದ ಮೇಲೆ ಟೇಪು ತೆಗೆದು ಅವಳ ಹೊರೆ ಅಳೆದ: ಅಗಲ ನಾಲ್ಕಡಿ ಎರಡಂಗುಲ, ನೆಲದಿಂದ ತುದಿಗೆ ಏಳಡಿ ಒಂಬತ್ತು. ಇನ್ನೊಮ್ಮೆ ಅಳೆದ. ಆಮೇಲೆ ವಕೀಲರ ಕೈಯಿಂದ ನಕಾಶೆ ವಾಪಸು ಕೇಳಿ ಪಡೆದು, ಎರಡೂ ಕಮಾನಿನ ಮೇಲೆ ಪೆನ್ಸಿಲ್ಲಿನಿಂದ ತಾನೇ ಅಡ್ಡಗೀಟು ಎಳೆದ.

ಸಂಕ ಮಾರ್ಚ್ ಒಂಬತ್ತಕ್ಕೆ ತೆರೆಯಿತು. ಅಗಲ ಐದೂವರೆ ಅಡಿ.