ಬ್ಯಾಡಗಿ ಕಡೆಯ ಕೆಮ್ಮು

ಔಷಧಿ ಹಬೆಯ ಮುಖವಾಡ ತೆಗೆದದ್ದೇ ತಡ ದುರಗವ್ವ ಕೇಳಿದಳು, "ಇವತ್ತ ಪ್ಯಾಟ್ಯಾಗ ಮಾಲು ಭಾಳ ಬಂದೈತೇನ?"

ಪಕ್ಕದ ಮಂಚದ ಕುಲ್ಸುಮಬಿ ನಗಲು ಹೋಗಿ ಕೆಮ್ಮಿದಳು. ಬ್ಯಾಡಗಿಯ ಗೋದಾಮೊಂದರಲ್ಲಿ ವರ್ಷಗಟ್ಟಲೆ ಎದುರುಬದುರು ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸಿದವರು ಅವರು. ಹಂಗಾಮು ಬಂತೆಂದರೆ ಇಬ್ಬರಿಗೂ ಉಬ್ಬಸ. ಈ ಸಲ ಹಾವೇರಿಯ ದವಾಖಾನೆಯಲ್ಲೂ ಜೋಡಿಯಾಗಿ ಮಲಗಿದ್ದರು.

ಡಾಕ್ಟರ್ ಅರುಣಾ ದುರಗವ್ವನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿಸಿಕೊಂಡರು. "ನಾ ನೋಡಿದಂಗ, ಈ ದಿನದಾಗ ಬ್ಯಾಡಗಿ ಕಡಿಯವರಿಂದನ ವಾರ್ಡು ತುಂಬತೈತ್ರಿ. ರಾಣೆಬೆನ್ನೂರು ಕಡಿಯಿಂದ ಇಷ್ಟು ಮಂದಿ ಬರಂಗಿಲ್ಲ. ಆ ಖಾರದ ಧೂಳು ಬಿಡ್ರಿ ಯವ್ವಾ. ಬಿಡಲಿಲ್ಲಂದ್ರ ಆಕ್ಸಿಜನ್ನು ಮನಿಗೇ ತರಬೇಕಾಕ್ಕೈತಿ."

ಅವರು ಅತ್ತ ಹೋದ ಮೇಲೆ ದುರಗವ್ವ ಗೊಣಗಿದಳು, "ನಾ ಬಿಟ್ರ ನನ್ನ ಜಾಗಾದಾಗ ಇನ್ನೊಬ್ಬಾಕಿ ಕುಂದರ್ತಾಳ."

"ಕುಂದರ್ಲಿ ಬಿಡ. ಆಕಿನೂ ಇಲ್ಲಿಗೇ ಬರ್ತಾಳ," ಅಂದಳು ಕುಲ್ಸುಮಬಿ.

ಮಧ್ಯಾಹ್ನ ರಾಣೆಬೆನ್ನೂರು ಕಡೆಯ ಕುಪ್ಪೇಲೂರಿನಿಂದ ದುರಗವ್ವನ ಮಗಳು ನೀಲಾ ಬುತ್ತಿ ತಂದಳು. "ಯವ್ವಾ, ನಮ್ಮೂರಾಗ ಬೀಜದ ಹೊಲಕ್ಕ ಹೆಣ್ಣಾಳು ಸಿಗವಲ್ರು. ನನ್ನ ಕೂಡ ಬಾ."

"ಮಗಳ ಮನ್ಯಾಗ ಕುಂತು ಉಣ್ಣಾಕ ಬರ್ಲೇನು?"

"ಉಣ್ಣಾಕಲ್ಲ, ದುಡ್ಯಾಕ ಬಾ."

ಆ ಮಾತಿಗೆ ದುರಗವ್ವ ಸೋತಳು. ದವಾಖಾನೆಯಿಂದ ಬಿಟ್ಟ ಮೇಲೆ ಮಗಳ ಊರಿಗೆ ಹೊರಟಳು.

ಅಲ್ಲಿಯದೂ ಮೆಣಸಿನ ಗಿಡವೇ, ಆದರೆ ಹಸಿರು. ಹೈಬ್ರಿಡ್ ಬೀಜಕ್ಕಾಗಿ ಬಿಳಿ ಹೂ ಹಿಡಿದು, ಇನ್ನೊಂದು ತಳಿಯ ಹೂವಿನ ಪರಾಗವನ್ನು ಮೆಲ್ಲಗೆ ಮುಟ್ಟಿಸಬೇಕು. ತೊಟ್ಟು ಮುರಿದು ರೂಢಿಯಾದ ಅವಳ ಬೆರಳಿಗೆ ಮೊದಮೊದಲು ಹೂವೇ ಕಿತ್ತು ಬರುತ್ತಿತ್ತು. ಅವಮಾನವಾಗಿ ಒಮ್ಮೆ ಬದುವಿನ ಮೇಲೆ ಕುಳಿತುಬಿಟ್ಟಳು. ನೀಲಾ ಪಕ್ಕದಲ್ಲಿ ನಿಂತು ಮತ್ತೆ ತೋರಿಸಿದಳು. ಕೈ ಹದಕ್ಕೆ ಬಂತು. ತಾನು ಮುಟ್ಟಿದ ಹೂ ಕಾಯಿಕಚ್ಚಿದ್ದು ಕಂಡ ದಿನ ಅಳಿಯನನ್ನೂ ಕರೆದು ತೋರಿಸಿದಳು. ಉಬ್ಬಸಕ್ಕೆ ಗೋಡೆಗೆ ಒರಗಿಯೇ ರಾತ್ರಿ ಕಳೆಯುತ್ತಿದ್ದವಳು ಈಗ ಕಾಲು ಚಾಚಿ ಮಲಗುತ್ತಿದ್ದಳು. ಹರಟೆಗೆ ಕುಲ್ಸುಮಬಿ ಇಲ್ಲದ್ದೊಂದೇ ಕೊರತೆ.

"ಬಾರಲೇ, ನಿನಗೂ ಕೆಲಸ ಐತಿ," ಎಂದು ಫೋನಿನಲ್ಲಿ ಬೆನ್ನುಬಿದ್ದಳು.

ಒಂದು ಮುಂಜಾನೆ ರಾಣೆಬೆನ್ನೂರಿನ ಬಸ್ಸಿನಿಂದ ಕುಲ್ಸುಮಬಿ ಬಟ್ಟೆಯ ಚೀಲ ಹಿಡಿದು ಇಳಿದಳು. ಹೊಲದ ಆ ತುದಿಯಿಂದ ದುರಗವ್ವ ಅವಳನ್ನು ಕಂಡಳು.

"ಕುಲ್ಸುಮಾ! ಬದುವಿನ ಮ್ಯಾಲೆ ಬಾ, ಹೊಲಕ್ಕ ನೀರು ಬಿಟ್ಟೇವಿ!"

ಆ ದನಿ ಹೊಲ ದಾಟಿ ರಸ್ತೆಯವರೆಗೂ ಕೇಳಿತು. ಕುಲ್ಸುಮಬಿ ನಿಂತಲ್ಲೇ ನಿಂತಳು. ಓಗೊಡಲೆಂದು ಬಾಯಿ ತೆರೆದಳು, ಉಸಿರು ಸಾಲಲಿಲ್ಲ. ಚೀಲ ಕೆಳಗಿಟ್ಟು, ಎರಡೂ ಕೈ ಎತ್ತಿ ಬೀಸಿದಳು.